ಹಾಥೀ ಹೈ!

ಕಸೂತಿ ಹಾಕುವುದಕ್ಕಿಂತ ಬಟ್ಟೆಯ ಮೇಲೆ ಡಿಸೈನ್ ಇಳಿಸುವುದರಲ್ಲೇ ನನಗೆ ಹೆಚ್ಚು ಸುಖ. ಧಾರವಾಡದ ಕಡೆ ಇದನ್ನು ಗಟ್ಟಿಯಾಗಿ ಹೇಳುವಂತಿಲ್ಲ. ಅಲ್ಲಿನ ಕಸೂತಿಗೆ ಗೆರೆಯ ಹಂಗೇ ಇಲ್ಲ. ಇಳಕಲ್ ಸೀರೆಯ ಎಳೆ ಎಣಿಸುತ್ತ ಹೋದರೆ ಗೋಪುರ ಏಳುತ್ತದೆ, ತೇರು ಬರುತ್ತದೆ, ತುಳಸಿಕಟ್ಟೆ ನಿಲ್ಲುತ್ತದೆ. ಗಂಟು ಹಾಕುವಂತಿಲ್ಲ. ಗವಂತಿ, ಮುರಗಿ ಹೊಲಿಗೆಯಾದರೆ ಒಳಮೈ ಹೊರಮೈ ಒಂದೇ ಥರ ಕಾಣಬೇಕು. "ಎಳಿ ಎಣಸಲಿಕ್ಕೆ ಬರೂದಿಲ್ಲೇನ ನಿನಗ?" ಎಂದು ಅತ್ತೆ ಫೋನಿನಲ್ಲಿ ಕೇಳುತ್ತಿದ್ದರು. ಬರುತ್ತದೆ, ಕುಕ್ಕರ್ ಸೀಟಿ ಹೊಡೆಯುವವರೆಗೆ. ಆಮೇಲೆ ಎಳೆಯ ಲೆಕ್ಕವೂ ಸೀಟಿಯ ಲೆಕ್ಕವೂ ಕಲಸಿಹೋಗುತ್ತವೆ.

ಹಾಗಾಗಿ ಮುಂಬೈ ಕಡೆಯ ಡೊಂಬಿವಲಿಯ ನಮ್ಮ ಮನೆಯಲ್ಲಿ ಅಡ್ಡದಾರಿಗಳದ್ದೇ ರಾಜ್ಯ. ಕಪ್ಪು ಚಂದ್ರಕಾಳಿ ಸೀರೆಗೆ ನೀಲಿ ಕಾರ್ಬನ್ ಇಟ್ಟು ಎಷ್ಟು ತೀಡಿದರೂ ಏನೂ ಕಾಣದು, ಹಳದಿಯೋ ಬಿಳಿಯೋ ಬೇಕು. ತಿಳಿ ಬಣ್ಣದ ಬಟ್ಟೆಗಾದರೆ, ಟ್ರೇಸಿಂಗ್ ಪೇಪರಿನ ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಸೀಮೆಎಣ್ಣೆಯಲ್ಲಿ ನೀಲಿ ಪುಡಿ ಕಲಸಿ ಹತ್ತಿಯಿಂದ ಒರೆಸುವುದು ಇನ್ನೊಂದು ದಾರಿ. ಎಣ್ಣೆ ಆರಿ ಚುಕ್ಕಿ ಉಳಿಯುತ್ತದೆ. ವಾಸನೆಯೂ ಉಳಿಯುತ್ತದೆ. ಅಕ್ಕಪಕ್ಕದವರೆಲ್ಲ ಕಾರ್ಖಾನೆಗಳ ಕಡೆಯಿಂದ ಬಂತೆಂದು ಬೈದರು. ಡೊಂಬಿವಲಿಯಲ್ಲಿ ಆ ಸೌಕರ್ಯವಿದೆ. ನಾನೂ ಜೊತೆಗೂಡಿ ಬೈದೆ.

ಆದರೆ ಕಿಟಕಿಯ ಮುಂದೆ ಇವೆಲ್ಲ ಸಪ್ಪೆ. ಗಾಜಿಗೆ ಅಂಬಾರಿ ಆನೆಯ ಚಿತ್ರ, ಅದರ ಮೇಲೆ ಬಿಳಿ ವಾಯಿಲ್ ಬಟ್ಟೆ, ಎರಡಕ್ಕೂ ಸೆಲ್ಲೋಟೇಪು. ಹೊರಗಿನ ಬೆಳಕೇ ಗೆರೆಗಳನ್ನು ಎತ್ತಿ ತೋರಿಸುತ್ತದೆ. ಜುಲೈನಲ್ಲಿ ಇಲ್ಲಿ ಬೆಳಕೆಂದರೆ ಮೋಡದ ಮರ್ಜಿ, ಬಂದಾಗ ಓಡಬೇಕು. ಓಡಿದೆ. ಸೊಂಡಿಲು ಮುಗಿಯಿತು. ಬೆನ್ನಿಗೆ ಬರುವಾಗ ತೇವಕ್ಕೆ ಮೇಲಿನ ಟೇಪು ಬಿಟ್ಟಿತು. ಎಡಗೈ ಎತ್ತಿ ಒತ್ತಿ ಹಿಡಿದೆ. ಬಲಗಡೆ ಬಿಟ್ಟಿತು, ಪೆನ್ಸಿಲು ಹಲ್ಲಿಗೆ ಕೊಟ್ಟು ಬಲಗೈಯನ್ನೂ ಎತ್ತಿದೆ. ಕೆಳಗೆ ಜಾರಿದ್ದಕ್ಕೆ ಮಂಡಿ. ನಡುವೆ ಉಬ್ಬಿದ್ದಕ್ಕೆ ಹಣೆ. ಆನೆ ಈಗ ಭದ್ರ. ಗೆರೆ ಎಳೆಯಲು ಮಾತ್ರ ನನ್ನ ಬಳಿ ಅಂಗ ಉಳಿದಿರಲಿಲ್ಲ.

ಎದುರು ಕಟ್ಟಡದಿಂದ ಕಂಡದ್ದಿಷ್ಟು: ಗ್ರಿಲ್ಲಿನ ಹಿಂದೆ ಎರಡೂ ಕೈ ಮೇಲೆತ್ತಿ, ಗಾಜಿಗೆ ಹಣೆ ಹಚ್ಚಿ, ಬಾಯಲ್ಲೇನೋ ಕಚ್ಚಿಕೊಂಡು ಅಲುಗಾಡದೆ ನಿಂತ ಹೆಂಗಸು. "ವಹಿನಿ, ಕಾಯ್ ಝಾಲಂ?" ಎಂದು ಅಲ್ಲಿನ ಅಜ್ಜಿ ಕೂಗಿದರು. ನಾನು ಪೆನ್ಸಿಲಿನ ಸುತ್ತ "ಉಂ, ಉಂ" ಎಂದೆ. ಅದರಿಂದ ವಿಷಯ ಇನ್ನಷ್ಟು ಬಿಗಡಾಯಿಸಿತು. ಬೆಲ್ ಹೊಡೆಯಿತು. ವಾಚ್‌ಮನ್, ಅವನ ಹಿಂದೆ ಸೊಸೈಟಿ ಸೆಕ್ರೆಟರಿ. "ಮೇಡಮ್, ಸಬ್ ಠೀಕ್ ಹೈ?" ಬಾಗಿಲು ತೆಗೆಯಲು ಹೋದರೆ ಆನೆ ಹೋಯಿತು. ಪೆನ್ಸಿಲು ಉಗಿದು ಅಲ್ಲಿಂದಲೇ ಕೂಗಿದೆ: "ಹಾಥೀ ಹೈ!"

ಹೊರಗೆ ತುಸು ಹೊತ್ತು ಮಾತಿಲ್ಲ.

ಕೊನೆಗೆ ಬಾಗಿಲು ತೆಗೆದಾಗ, ಸೆಕ್ರೆಟರಿ ಎಲ್ಲರೂ ಹೇಳುವುದನ್ನೇ ಹೇಳಿದರು: ಉಲ್ಹಾಸನಗರಕ್ಕೆ ಹೋಗಿ ಕಂಪ್ಯೂಟರ್ ಎಂಬ್ರಾಯ್ಡರಿ ಮಾಡಿಸಿಬಿಡಿ. ಈ ಸಲಹೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆನೆಯ ಆ ಬಟ್ಟೆ ನನಗಲ್ಲ, ಅತ್ತೆಗೆ. ಅತ್ತೆಯ ಕಣ್ಣಿಗೆ ಈಗ ಕಪ್ಪಿನ ಮೇಲಿನ ಎಳೆ ಸಿಗುವುದಿಲ್ಲ, ಆಪರೇಷನ್ ಆದ ಮೇಲೂ. ಬೆರಳು ಮಾತ್ರ ಸುಮ್ಮನಿರಲು ಒಲ್ಲವು. "ಬಿಳೇ ಅರಿವಿ ಮ್ಯಾಲೆ ದಪ್ಪಗ ಗೆರಿ ಹಾಕಿ ಕಳಸು. ಓಣ್ಯಾಗ ಯಾರಿಗೂ ಹೇಳಬ್ಯಾಡ" ಎಂದಿದ್ದರು.

ಉಳಿದ ಗೆರೆಗಳನ್ನು ಅಂದಾಜಿನಲ್ಲಿ ಮುಗಿಸಿ ಕೊರಿಯರ್ ಮಾಡಿದೆ. ಮೊನ್ನೆ ಫೋನ್ ಬಂತು.

"ಆನಿಗೆ ಐದು ಕಾಲ ಬಂದಾವಲ್ಲ. ಐದೂ ಹಾಕಲೇನ?"

"ಐದೂ ಹಾಕ್ರಿ" ಎಂದೆ.