ಮೊದಲನೇ ‘ಸಾಕು’

ನಮ್ಮ ಕಡೆ ಊಟಕ್ಕೆ ಕೂತವರು ಹೇಳುವ ಮೊದಲನೇ ‘ಸಾಕು’ ಯಾರ ಕಿವಿಗೂ ಬೀಳುವುದಿಲ್ಲ ನೋಡಿ. ಎರಡನೆಯದಕ್ಕೆ ಬಡಿಸುವವರು ನಗುತ್ತಾರೆ. ಎಲೆಗೆ ಎರಡೂ ಕೈ ಅಡ್ಡ ಹಿಡಿದು ಬಗ್ಗಿದರೆ ಮಾತ್ರ ಸೌಟು ಪಕ್ಕದವರ ಎಲೆಗೆ ಹೋಗುತ್ತೆ, ಅದೂ ಬೆರಳ ಸಂದಿಯಲ್ಲಿ ಒಂದಿಷ್ಟು ಪಾಯಸ ಇಳಿಸಿಯೇ! ಮಿತವಾಗಿ ಉಣ್ಣಬೇಕು ಅಂತ ಯಾರಿಗೆ ಗೊತ್ತಿಲ್ಲ ಹೇಳಿ? ಹೊಟ್ಟೆಯನ್ನಾದರೂ ಒಪ್ಪಿಸಬಹುದು, ಬಡಿಸುವವರನ್ನು ಒಪ್ಪಿಸೋದೇ ಕಷ್ಟ, ಅಲ್ವಾ?

ಹೋದ ವರ್ಷ ನಮ್ಮನೆಯವರಿಗೆ ಶುಗರ್ ಕಾಣಿಸಿಕೊಂಡಾಗ ಡಾಕ್ಟರು ಅನ್ನ ಕಡಿಮೆ ಮಾಡಿ ಅಂದರು. ಎಷ್ಟು ಕಡಿಮೆ? ಅನ್ನಕ್ಕೆ ಲೆಕ್ಕ ಎಲ್ಲಿದೆ! ಮುದ್ದೆಗಾದರೆ ಇದೆ: ಅರ್ಧ, ಒಂದು, ಒಂದೂವರೆ. ಮಂಡ್ಯದ ಹತ್ತಿರ ನಮ್ಮಜ್ಜಿ ಮನೆಯಲ್ಲಿ, ಅಜ್ಜಿ ಕೈ ಒದ್ದೆ ಮಾಡಿಕೊಂಡು ಮಣೆ ಮೇಲೆ ಮುದ್ದೆ ತಿರುಗಿಸುವಾಗಲೇ ‘ಇದು ಅಜ್ಜಂದು, ಇದು ಗದ್ದೆಗೆ ಹೋಗೋ ನಿಮ್ಮಾವಂದು, ಇದು ಪುಟ್ಟಿದು’ ಅಂತ ಹೇಳಿಕೊಂಡೇ ಕಟ್ಟುತ್ತಿದ್ದಳು. ಪುಟ್ಟಿ ಅಂದರೆ ನಾನು. ನನ್ನದು ನಿಂಬೆಹಣ್ಣಿಗಿಂತ ಒಂಚೂರು ದೊಡ್ಡದು, ಅಷ್ಟೇ. ಬೆರಳು ಚುರ್ ಅನ್ನುವಷ್ಟು ಬಿಸಿ. ಮುರಿದು, ಬಸ್ಸಾರಿನಲ್ಲಿ ಅದ್ದಿ, ಅಗಿಯದೆ ನುಂಗೋದು. ಯಾರು ಎಷ್ಟು ದುಡಿದರು, ಯಾರಿಗೆ ಎಷ್ಟು ಹಿಡಿಸುತ್ತೆ, ಎಲ್ಲ ಅಜ್ಜಿಯ ಅಂಗೈಗೇ ಗೊತ್ತಿತ್ತು. ಆ ಅಂಗೈ ನನಗೆ ಬರಲಿಲ್ಲ, ನನ್ನ ಕೈಗೆ ಬಂದದ್ದು ಸೌಟು ಮಾತ್ರ.

ಎಲ್ಲಿದ್ದೆ? ಹಾಂ, ಅನ್ನ. ಹೊಟ್ಟೆ ತುಂಬಿದ ಸುದ್ದಿ ತಲೆಗೆ ಪೂರ್ತಿ ಮುಟ್ಟೋಕೆ ಸುಮಾರು 20 ನಿಮಿಷ ಬೇಕಂತೆ. ನಮ್ಮವರ ಊಟ 10 ನಿಮಿಷಕ್ಕೆ ಮುಗಿದೇ ಹೋಗುತ್ತಿತ್ತು! ಅದಕ್ಕೇ ಈಗ ಹುಳಿಯನ್ನ ಆದಮೇಲೆ ಮೊಸರನ್ನ ತಕ್ಷಣ ಬಡಿಸೋದಿಲ್ಲ. ಇಬ್ಬರೂ ಸುಮ್ಮನೆ ಕೂತು ಮಾತಾಡುತ್ತೇವೆ. ಬೆರಳಿಗಂಟಿದ ಅನ್ನ ಒಣಗಿ ಬಿರುಸಾಗುವ ಹೊತ್ತಿಗೆ ‘ಮೊಸರಿಗೆ ಒಂದು ಹಿಡಿ ಸಾಕು ಕಣೇ’ ಅನ್ನುತ್ತಾರೆ. ನಿಜವಾಗಲೂ ಅಷ್ಟೇ ಸಾಕಾಗಿರುತ್ತೆ. ಎದ್ದಾಗ ಇನ್ನೆರಡು ತುತ್ತಿನ ಜಾಗ ಹಾಗೇ ಉಳಿದಿರುತ್ತೆ. ಮೊದಲ ವಾರ ಅದು ಹಸಿವು ಅನ್ನಿಸಿತಂತೆ, ಈಗ ಹಗುರ ಅನ್ನಿಸುತ್ತಂತೆ.

ಆಯುರ್ವೇದದ ಹಳೇ ಗ್ರಂಥ, ವಾಗ್ಭಟನ ಅಷ್ಟಾಂಗಹೃದಯದಲ್ಲಿ ಈ ಜಾಗಕ್ಕೂ ಲೆಕ್ಕವಿದೆ. ಹೊಟ್ಟೆಯನ್ನು ನಾಲ್ಕು ಪಾಲು ಮಾಡಿ ಎರಡು ಆಹಾರಕ್ಕೆ, ಒಂದು ನೀರಿಗೆ, ಇನ್ನೊಂದು ಗಾಳಿಗೆ ಖಾಲಿ ಬಿಡಬೇಕು. ಜಪಾನಿನ ಓಕಿನಾವಾದ ಹಿರಿಯರು ಊಟಕ್ಕೆ ಕೂರುವಾಗ ‘ಹಾರಾ ಹಾಚಿ ಬು’ ಅನ್ನುತ್ತಾರಂತೆ, ಹತ್ತರಲ್ಲಿ ಎಂಟು ಪಾಲು ತುಂಬಿದರೆ ಸಾಕು ಅಂತ. ಕಾಲು ಭಾಗ ಖಾಲಿ ಇಲ್ಲಿ, ಐದರಲ್ಲೊಂದು ಭಾಗ ಅಲ್ಲಿ. ವ್ಯತ್ಯಾಸ ಒಂದು ತುತ್ತಿನದ್ದೇನೋ, ಅಲ್ವಾ?

ಒಂದು ವಿಷಯ ಮಾತ್ರ ಮನಸ್ಸಿಗೆ ನಾಟಿದೆ. ಇಷ್ಟು ವರ್ಷ ನಮ್ಮವರು ‘ಸಾಕು’ ಅಂದಾಗಲೆಲ್ಲ ಇನ್ನೊಂದು ಸೌಟು ಹಾಕಿದವಳು ನಾನೇ. ಪ್ರೀತಿಯಿಂದಲೇ ಹಾಕಿದ್ದು, ಆದರೂ...

ಅಂದ ಹಾಗೆ ಯುಗಾದಿಗೆ ನೀವು ನಮ್ಮನೆಗೆ ಬರಲೇಬೇಕು. ಒಬ್ಬಟ್ಟು ಚಿಕ್ಕದಾಗೇ ತಟ್ಟುತ್ತೇನೆ. ಇನ್ನೊಂದು ಹಾಕಲಾ ಅಂತ ಒಂದೇ ಸಲ ಕೇಳೋದು, ನೀವು ಸಾಕು ಅಂದರೆ ಸಾಕೇ. ಬೇಕಿದ್ದರೆ ಸಂಕೋಚ ಮಾಡದೆ ಆಗಲೇ ಹೇಳಿಬಿಡಿ, ಆಯ್ತಾ?