ಕಾರ್ಥೇಜಿನ ಸೇನಾಪತಿ ಹಿಮಿಲ್ಕೊ ಅವರಿಗೆ ಬಹಿರಂಗ ಪತ್ರ

ಮಾನ್ಯ ಸೇನಾಪತಿಗಳೇ,

ಕ್ರಿ.ಪೂ. 396ರಲ್ಲಿ ಸಿಸಿಲಿಯ ಗ್ರೀಕ್ ನಗರ ಸಿರಾಕ್ಯೂಸಿಗೆ ಮುತ್ತಿಗೆ ಹಾಕಿದಾಗ ನೀವು ಗ್ರೀಕರ ಬೆಳೆದೇವತೆ ಡಿಮೀಟರ್ ಮತ್ತು ಅವಳ ಮಗಳು ಕೋರೆಯ ಗುಡಿಗಳನ್ನು ದೋಚಿದಿರಿ. ಬೆನ್ನಲ್ಲೇ ಪಾಳೆಯಕ್ಕೆ ಪಿಡುಗು ಬಡಿಯಿತು. ಶತ್ರುವಿಗೆ 300 ಟ್ಯಾಲೆಂಟ್ ತೆತ್ತು, ಕಾರ್ಥೇಜಿನ ಪೌರರನ್ನಷ್ಟೇ ಕರೆದುಕೊಂಡು ರಾತ್ರೋರಾತ್ರಿ ಹಡಗು ಹತ್ತಿದಿರಿ. ಊರಿಗೆ ಮರಳಿ ಗುಡಿಗುಡಿ ಸುತ್ತಿ ತಪ್ಪೊಪ್ಪಿಕೊಂಡು, ಕೊನೆಗೆ ಅನ್ನ ಬಿಟ್ಟು ಪ್ರಾಣ ಕಳೆದುಕೊಂಡಿರಿ. ಹೀಗೆಂದು ಬರೆದವನು ಸಿಸಿಲಿಯ ಗ್ರೀಕ ಡಿಯೊಡೋರಸ್, ಅದೂ ಮೂರು ಶತಮಾನಗಳ ಬಳಿಕ. ನಿಮ್ಮ ಕಡೆಯ ಮಾತು ಉಳಿದಿಲ್ಲವೆಂಬುದು ನನ್ನನ್ನು ಕಾಡುತ್ತದೆ.

ನೀವು ಹೋದ ಮೇಲೆ ಏನಾಯಿತು ಗೊತ್ತೇ? ನೀವು ದೋಚಿದ ದೇವಿಯರಿಗೇ ನಿಮ್ಮ ಊರು ಗ್ರೀಕ್ ವಿಧಿಯಲ್ಲಿ ಪೂಜೆ ಆರಂಭಿಸಿತು. ಗಣ್ಯರೇ ಅರ್ಚಕರಾದರು.

ಗ್ರೀಕ್ ದೇವಿಯರೊಂದಿಗೆ ಕಾರ್ಥೇಜಿನ ಆ ಬಾಂಧವ್ಯ ನನಗೆ ಕಾಣುವುದು ಸುಟ್ಟಮಣ್ಣಿನ ಧೂಪದಾನಿಗಳಲ್ಲಿ. ಹೆಣ್ಣಿನ ತಲೆ, ಅದರ ಮೇಲೆ ಬುಟ್ಟಿಯಂಥ ಕಿರೀಟ, ಕಿರೀಟದ ತಟ್ಟೆಯಲ್ಲಿ ಸಣ್ಣ ತೂತುಗಳು. ಕೆಲವುಗಳ ಮುಂಭಾಗದಲ್ಲಿ ಎದುರುಬದುರು ಕೂತ ಎರಡು ಹಕ್ಕಿಗಳು. ಮುಖವನ್ನು ಅಚ್ಚಿಗೆ ಒತ್ತಿ ತೆಗೆಯುತ್ತಿದ್ದರು, ಹಿಂಬದಿ ಸಾದಾ. ಇದ್ದ ಬೊಂಬೆಯಿಂದಲೇ ಹೊಸ ಅಚ್ಚು ತೆಗೆದರೆ ಒಣಗಿ ಸುಟ್ಟಾಗ ಮಣ್ಣು ಕುಗ್ಗುತ್ತದೆ, ಹಾಗಾಗಿ ಪೀಳಿಗೆಯಿಂದ ಪೀಳಿಗೆಗೆ ಮುಖ ಕಿರಿದಾಗುತ್ತ, ಕಣ್ಣು ಮೂಗು ಮಸುಕಾಗುತ್ತ ಹೋಗುತ್ತವೆ. ಆ ಮಸುಕೇ ನನಗೆ ಇಷ್ಟ. ಕುಂಬಾರರು ಒಬ್ಬರ ಕೆಲಸವನ್ನು ಇನ್ನೊಬ್ಬರು ಮೆಚ್ಚಿ ಮುಂದುವರಿಸಿದ ಗುರುತು ಅದು.

ಸಿಸಿಲಿ, ಉತ್ತರ ಆಫ್ರಿಕಾ, ಇಬಿಜಾ, ಸ್ಪೇನಿನ ಪೂರ್ವ ಕರಾವಳಿ: ಈ ತಲೆ ಎಲ್ಲೆಡೆ ಸಿಕ್ಕಿದೆ. ಸಾರ್ಡಿನಿಯಾದ ಲುಗೆರಾಸ್‌ನಲ್ಲಿ, ಕಂಚಿನ ಯುಗದವರು ಕಟ್ಟಿದ ಕಲ್ಲಿನ ಗೋಪುರದೊಳಗೆ, ನೂರಾರು ಧೂಪದಾನಿಗಳನ್ನು ಹರಕೆಯಾಗಿ ಒಪ್ಪಿಸಿದ್ದರು. ಗ್ರೀಕ್ ಮುಖ, ಕಾರ್ಥೇಜಿನ ಭಕ್ತಿ, ಸಾರ್ಡಿನಿಯಾದ ಗೋಡೆ. ಕೆಲವುಗಳಲ್ಲಿ ಕೆಂಡದ ಕಲೆಯೂ ಇಲ್ಲ. ಧೂಪ ಹಾಕದೆಯೇ ದೇವರಿಗೆ ಅರ್ಪಿಸಿದವು ಅವು.

ಈ ತಲೆಯ ದೇವಿ ಡಿಮೀಟರೋ, ನಿಮ್ಮ ಕಾರ್ಥೇಜಿನ ದೇವತೆ ತಾನಿತಳೋ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ನನಗೆ ಈ ಪ್ರಶ್ನೆಯೇ ಸರಿಯೆನಿಸದು. ಬೆಳೆ ಕೇಳಿದವಳಿಗೆ ಒಬ್ಬಳು, ಸತ್ತ ಮಗುವಿಗಾಗಿ ಅತ್ತವಳಿಗೆ ಇನ್ನೊಬ್ಬಳು ಆಗಿದ್ದಾಳು. ಆದ್ದರಿಂದ ವಸ್ತುಸಂಗ್ರಹಾಲಯಗಳಿಗೆ ನನ್ನ ಬಿನ್ನಹ: ಫಲಕದಲ್ಲಿ ಒಂದೇ ಹೆಸರು ಹಾಕಬೇಡಿ. ಮಣ್ಣು ಎಲ್ಲಿಯದು, ಅಚ್ಚು ಎಲ್ಲಿಂದ ಬಂತು, ಯಾವ ಗುಡಿಯಲ್ಲಿ ಸಿಕ್ಕಿತು, ಇಷ್ಟನ್ನು ಬರೆಯಿರಿ. ಸಿಸಿಲಿಯ ದೇವಿಯನ್ನು ಕಾರ್ಥೇಜ್ ಮನೆಗೆ ಕರೆದುಕೊಂಡ ಕಥೆ, ಸೇನಾಪತಿಗಳೇ, ನಿಮ್ಮ ಹೆಸರಿನೊಂದಿಗೇ ಅಲ್ಲಿರಲಿ.

ಇಂತಿ,
ಒಬ್ಬ ಓದುಗ