ಕೊಲೆಗಾರ ಯಾರೆಂದು ಗೊತ್ತಿರುವವರು

ಸಸ್ಪೆನ್ಸ್ ಸಿನಿಮಾದ ಅಭಿಮಾನಿ ಎಲ್ಲ ಊರುಗಳಲ್ಲೂ ಸಿಗುತ್ತಾನೆ. ಆದರೆ ಅವನು ಹುಲುಸಾಗಿ ಬೆಳೆಯುವುದು ಹೋಬಳಿ ಕೇಂದ್ರಗಳಲ್ಲಿ. ಹಾಸನದಿಂದ ಅರಸೀಕೆರೆಗೆ ಹೋಗುವ ರಸ್ತೆಯಲ್ಲಿರುವ ದುದ್ದ ಅಂಥದ್ದೊಂದು ಊರು. ಹಳ್ಳಿ ಎನ್ನೋಣವೆಂದರೆ ನಾಡಕಚೇರಿಯ ಗತ್ತು ಅಡ್ಡ ಬರುತ್ತದೆ. ಪಟ್ಟಣ ಎನ್ನೋಣವೆಂದರೆ ಕೂಗಳತೆಯಲ್ಲೇ ರಾಗಿ ಹೊಲ. ಇಂಥ ಊರಲ್ಲಿ ಯಾರ ಮನೆಗೆ ಯಾರು ಬಂದರು, ಯಾವ ಬಸ್ಸಿಗೆ ಹೊರಟರು, ಹೋಗುವಾಗ ಚೀಲದಲ್ಲಿ ಏನಿತ್ತು ಎಂಬುದು ದೀಪ ಹಚ್ಚುವ ಹೊತ್ತಿಗೆ ಎಲ್ಲರಿಗೂ ತಿಳಿದಿರುತ್ತದೆ. ಗುಟ್ಟು ಎಂಬ ಪದಾರ್ಥಕ್ಕೆ ಹೀಗೆ ಸದಾ ಬರವಿರುವ ಕಡೆ, ಅದನ್ನು ದುಡ್ಡು ಕೊಟ್ಟಾದರೂ ಎರಡೂವರೆ ಗಂಟೆ ಅನುಭವಿಸಿ ಬರೋಣ ಎಂದು ಜನಕ್ಕೆ ಅನ್ನಿಸುವುದರಲ್ಲಿ ಆಶ್ಚರ್ಯವಿಲ್ಲ.

ಈ ಅಭಿಮಾನಿಯ ಹಳೆಯ ತಲೆಮಾರು ಸಿನಿಮಾಕ್ಕೆ ಬಂದದ್ದು ಪುಸ್ತಕದ ದಾರಿಯಿಂದ. ನಾಲ್ಕನೇ ತರಗತಿಗೆ ಓದು ನಿಲ್ಲಿಸಿದ ಎನ್. ನರಸಿಂಹಯ್ಯ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು, ಕನ್ನಡನಾಡಿನ ಹುಡುಗರು ಗಣಿತದ ಪುಸ್ತಕವನ್ನು ಸದಾ ತೆರೆದಿಟ್ಟುಕೊಂಡಿರುವಂತೆ ಮಾಡಿದರು. ಅದರ ಒಳಗೆ ಪತ್ತೇದಾರ ಪುರುಷೋತ್ತಮ ಇರುತ್ತಿದ್ದ. ಬಾಡಿಗೆ ಪುಸ್ತಕದಂಗಡಿಯ ಪ್ರತಿಗಳಿಗೆ ಎರಡು ರೋಗಗಳಿದ್ದವು. ಕೆಲವಕ್ಕೆ ಕೊನೆಯ ಹಾಳೆಯೇ ಇರುತ್ತಿರಲಿಲ್ಲ. ಓದಿದವನು ತನಗೆ ಆಗದವರ ಮುಖ ನೆನೆದುಕೊಂಡು ಕೊಲೆಗಾರನನ್ನು ತಾನೇ ನೇಮಿಸಿಕೊಳ್ಳಬೇಕಿತ್ತು. ಇನ್ನು ಕೆಲವಲ್ಲಿ ಹಿಂದೆ ಓದಿದ ಪುಣ್ಯಾತ್ಮ ಮೊದಲ ಪುಟದಲ್ಲೇ ನೀಲಿ ಇಂಕಿನಲ್ಲಿ ಕೊಲೆಗಾರನ ಹೆಸರು ಬರೆದು, ಕೆಳಗೆ ಗೆರೆ ಎಳೆದು, ತನ್ನ ಸಹಿಯನ್ನೂ ಹಾಕಿರುತ್ತಿದ್ದ. ಆಮೇಲೆ ಟೆಂಟಿನಲ್ಲಿ ಕಾಣಿಸಿಕೊಂಡ ಎರಡು ಪಂಗಡಗಳು ಇಲ್ಲಿಯೇ ಹುಟ್ಟಿದವು: ಊಹಿಸುವವರು ಮತ್ತು ಹೇಳಿಬಿಡುವವರು.

ಟೆಂಟಿಗೆ ಪತ್ತೇದಾರನನ್ನು ಠೀವಿಯಿಂದ ಕರೆತಂದವರು ದೊರೈ-ಭಗವಾನ್ ಜೋಡಿ. 1968ರಲ್ಲಿ ‘ಜೇಡರ ಬಲೆ’ ಬಂತು, ರಾಜ್‌ಕುಮಾರ್ ಸಿ.ಐ.ಡಿ. 999 ಆದರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ಬಹಳ ತಡೆದು 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಲಂಡನ್ನಿನ ಜೇಮ್ಸ್ ಬಾಂಡನಿಗೆ 007 ಎಂಬ ನಂಬರಿದ್ದರೆ ನಮ್ಮವರದು 999. ಲೆಕ್ಕ ಬಲ್ಲವರ ಪ್ರಕಾರ ಇದರಲ್ಲೇ ಯಾರು ದೊಡ್ಡವರು ಎಂಬುದು ತೀರ್ಮಾನವಾಗುತ್ತದೆ.

‘ಜೇಡರ ಬಲೆ’ಯನ್ನು ಅಭಿಮಾನಿಗಳು ವೈಜ್ಞಾನಿಕ ಚಿತ್ರವೆಂದೂ ಎಣಿಸುತ್ತಾರೆ, ಅದಕ್ಕೆ ಕಾರಣವೂ ಇದೆ. ಬೇರೆ ಲೋಹವನ್ನು ಚಿನ್ನ ಮಾಡುವ ಸೂತ್ರದ ಸುತ್ತ ಅದರ ಕಥೆ ಸುತ್ತುತ್ತದೆ. ಆ ಕಾಲದ ಕನ್ನಡ ಚಿತ್ರದಲ್ಲಿ ವಿಜ್ಞಾನಿಯ ಲಕ್ಷಣ ಇಷ್ಟೇ: ಬಿಳಿ ಕೋಟು, ಕನ್ನಡಕ, ಬಣ್ಣದ ನೀರು ಕುದಿಯುವ ಗಾಜಿನ ಬುಂಡೆ, ಮದುವೆ ವಯಸ್ಸಿನ ಮಗಳು. ಖಳನಾಯಕನ ಗುಹೆಯಲ್ಲಿ ಮಾತ್ರ ಬಲ್ಬುಗಳು ಧಾರಾಳವಾಗಿ ಮಿನುಗುತ್ತಿದ್ದವು. ಅಲ್ಲಿಗೆ ಕರೆಂಟು ಎಲ್ಲಿಂದ ಬರುತ್ತಿತ್ತೆಂದು ಯಾವ ಸಿ.ಐ.ಡಿಯೂ ಪತ್ತೆ ಮಾಡಲಿಲ್ಲ. ಅದೇ 1968ರಲ್ಲಿ ಸ್ಟ್ಯಾನ್ಲಿ ಕ್ಯೂಬ್ರಿಕ್‌ನ ‘2001: ಎ ಸ್ಪೇಸ್ ಒಡಿಸ್ಸಿ’ ಕೂಡ ಬಿಡುಗಡೆಯಾಯಿತು. ಅದರಲ್ಲಿ ಕಂಪ್ಯೂಟರೊಂದು ಮನುಷ್ಯರನ್ನು ಕೊಲ್ಲುತ್ತದೆ, ಕೊನೆಯ ಭಾಗ ಇವತ್ತಿಗೂ ಅನೇಕರಿಗೆ ಅರ್ಥವಾಗುವುದಿಲ್ಲ. ‘ಜೇಡರ ಬಲೆ’ ಅರ್ಥವಾಗುತ್ತದೆ. ಚಿನ್ನ ಬೇಕು, ಸೂತ್ರ ಕದ್ದರು, ಅಣ್ಣಾವ್ರು ಹಿಡಿದರು. ಆಲೂಗೆಡ್ಡೆ ಬೆಲೆ ಯಾವ ಸೂತ್ರದ ಮೇಲೆ ಏರಿಳಿಯುತ್ತದೆಂದು ತಿಳಿಯದೆ ತಲೆ ಕೆಡಿಸಿಕೊಂಡ ಹಾಸನ ಸೀಮೆಯ ರೈತನಿಗೆ ಇಷ್ಟು ಖಚಿತವಾದ ಅರ್ಥಶಾಸ್ತ್ರ ಬೇರೆಲ್ಲೂ ಸಿಕ್ಕಿರಲಿಕ್ಕಿಲ್ಲ.

ಇಂಥ ಚಿತ್ರಗಳನ್ನು ನೋಡುತ್ತಿದ್ದ ಜಾಗದ ಬಗ್ಗೆ ಸ್ವಲ್ಪ ಹೇಳಬೇಕು. ಟೂರಿಂಗ್ ಟಾಕೀಸಿನ ಟೆಂಟಿನಲ್ಲಿ ಸಾಮಾನ್ಯವಾಗಿ ಒಂದೇ ಪ್ರೊಜೆಕ್ಟರ್. ರೀಲು ಮುಗಿದಾಗಲೆಲ್ಲ ದೀಪ ಹತ್ತುತ್ತಿತ್ತು, ಹೊಸ ರೀಲು ಏರಿಸುವವರೆಗೆ ಕಡಲೆಕಾಯಿ ವ್ಯಾಪಾರ. ಪೌರಾಣಿಕ ಚಿತ್ರಕ್ಕೆ ಇದರಿಂದ ನಷ್ಟವಿಲ್ಲ. ದ್ರೌಪದಿಯ ಸೀರೆ ಮುಂದಿನ ರೀಲಿನಲ್ಲೂ ಮುಗಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಸಸ್ಪೆನ್ಸ್ ಚಿತ್ರದ ಕಥೆ ಬೇರೆ. ಬಾಗಿಲ ಹಿಡಿ ನಿಧಾನಕ್ಕೆ ತಿರುಗುತ್ತದೆ, ಬಾಗಿಲು ಕಿರ್ರೆನ್ನುತ್ತದೆ, ಕಪ್ಪು ಬೂಟು ಒಳಗೆ ಬರುತ್ತದೆ, ದೀಪ ಹತ್ತುತ್ತದೆ. ಆ ಬೂಟು ಯಾರದೆಂದು ನೆಲದ ಟಿಕೆಟ್ಟಿನವರಿಗೂ ಬೆಂಚಿನವರಿಗೂ ವಾದ ಶುರುವಾಗಿ, ಹೊಸ ರೀಲು ಓಡುವ ಹೊತ್ತಿಗೆ ಚಿತ್ರದ ಕೊಲೆಗಿಂತ ದೊಡ್ಡ ಜಗಳ ಸಿದ್ಧವಾಗಿರುತ್ತಿತ್ತು. ಚಿತ್ರಕಥೆ ಬರೆದವರು ಒಂದೇ ಇಂಟರ್ವಲ್ ಯೋಜಿಸಿದ್ದರು, ಉಳಿದವು ಟೆಂಟಿನ ಮಾಲೀಕರ ಕೊಡುಗೆ.

ತಡವಾಗಿ ಬರುವವರದು ಇನ್ನೊಂದು ಕಾಟ. ಆಲ್‌ಫ್ರೆಡ್ ಹಿಚ್‌ಕಾಕ್ 1960ರಲ್ಲಿ ‘ಸೈಕೋ’ ಬಿಡುಗಡೆ ಮಾಡಿದಾಗ, ಚಿತ್ರ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದೆಂದು ಥಿಯೇಟರುಗಳಿಗೆ ಕಟ್ಟಪ್ಪಣೆ ಮಾಡಿದ. ಹೆಸರಾಂತ ನಟಿ ಜಾನೆಟ್ ಲೀ ಚಿತ್ರದ ಅರ್ಧಕ್ಕೆ ಮುಂಚೆಯೇ ಸಾಯುತ್ತಾಳೆ, ತಡವಾಗಿ ಬಂದವರು ಕೊನೆಯವರೆಗೂ ಅವಳಿಗಾಗಿ ಕಾಯುತ್ತ ಕೂರಬಾರದು ಎಂಬುದು ಅವನ ಲೆಕ್ಕ. ಅಮೆರಿಕದ ಜನ ಸಾಲಾಗಿ ನಿಂತು ಅದಕ್ಕೆ ತಲೆಬಾಗಿದರು. ನಮ್ಮ ಟೆಂಟುಗಳಲ್ಲಿ ಆ ಕಾನೂನು ಜಾರಿಗೆ ಬಂದಿದ್ದರೆ ಮೊದಲ ರೀಲನ್ನು ಪ್ರೊಜೆಕ್ಟರ್ ಆಪರೇಟರ್ ಒಬ್ಬನೇ ನೋಡಬೇಕಾಗುತ್ತಿತ್ತು. ಹಾಲು ಕರೆದು, ಡೈರಿಗೆ ಹಾಕಿ, ಉಂಡು ಬರುವ ಊರು ಹಿಚ್‌ಕಾಕನ ಗಡಿಯಾರಕ್ಕೆ ನಡೆಯುವುದಿಲ್ಲ. ತಡವಾಗಿ ಬಂದವನು ಪಕ್ಕದವನ ತೊಡೆ ತಟ್ಟಿ, “ಎಷ್ಟು ಜನ ಸತ್ರಣ್ಣ?” ಎಂದು ಕೇಳಿ ಕೂರುತ್ತಿದ್ದ. ಪಕ್ಕದವನು ಲೆಕ್ಕ ಒಪ್ಪಿಸುತ್ತಿದ್ದ.

ಹಿಚ್‌ಕಾಕನ ಇನ್ನೊಂದು ಮಾತು ಮಾತ್ರ ದುದ್ದಕ್ಕೆ ಚೆನ್ನಾಗಿ ಒಪ್ಪುತ್ತದೆ. ಮೇಜಿನ ಕೆಳಗೆ ಬಾಂಬಿದೆ, ಅದು ನೋಡುಗರಿಗೆ ಗೊತ್ತಿಲ್ಲ, ಸಿಡಿಯಿತು ಎಂದರೆ ಕೆಲವು ಕ್ಷಣದ ಬೆಚ್ಚು ಅಷ್ಟೆ. ಬಾಂಬಿರುವುದು ನೋಡುಗರಿಗೆ ಗೊತ್ತಿದ್ದು, ಮೇಜಿನ ಸುತ್ತ ಕೂತವರಿಗೆ ಗೊತ್ತಿಲ್ಲದೆ ಅವರು ಹರಟುತ್ತಿದ್ದರೆ, ಆಗ ನಿಜವಾದ ಸಸ್ಪೆನ್ಸ್ ಎಂದು ಅವನು ಫ್ರೆಂಚ್ ನಿರ್ದೇಶಕ ತ್ರೂಫೋಗೆ ವಿವರಿಸಿದ್ದ. ಎಂದರೆ ಈ ಸುಖ ಇರುವುದು ಗೊತ್ತಿಲ್ಲದಿರುವುದರಲ್ಲಲ್ಲ, ಬೇರೆಯವರಿಗೆ ಗೊತ್ತಿಲ್ಲದ್ದು ತನಗೆ ಗೊತ್ತಿರುವುದರಲ್ಲಿ. ಒಂದೇ ಪತ್ತೇದಾರಿ ಚಿತ್ರವನ್ನು ಅಭಿಮಾನಿ ಮತ್ತೆ ಮತ್ತೆ ನೋಡುವ ರಹಸ್ಯ ಇದೇ. ಎರಡನೇ ಸಲ ಅವನು ಪರದೆಯನ್ನು ಅಷ್ಟಾಗಿ ನೋಡುವುದಿಲ್ಲ, ಮೊದಲ ಸಲ ನೋಡುತ್ತಿರುವವರ ಮುಖ ನೋಡುತ್ತಾನೆ. ಕೊಲೆಗಾರ ಮೊದಲ ದೃಶ್ಯದಲ್ಲೇ ಕಾಫಿ ಲೋಟ ಹಿಡಿದು ಸಜ್ಜನನಂತೆ ಬಂದಾಗ ಸಣ್ಣಗೆ ಕೆಮ್ಮುತ್ತಾನೆ. ಆ ಕೆಮ್ಮಿಗೆ ಬೆಂಚಿನ ಅರ್ಧ ಸಾಲು ತಿರುಗಿ ನೋಡುತ್ತದೆ. ಎರಡೂವರೆ ಗಂಟೆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡುವ ಅವನನ್ನು ನೋಡಿದರೆ ಮೇಜಿನ ಕೆಳಗಿನ ಬಾಂಬು ಯಾರೆಂದು ಕೇಳಬೇಕಾಗಿಲ್ಲ.

ಇನ್ನು ಊಹಿಸುವವರಲ್ಲಿ ಅಗ್ರಸ್ಥಾನ ಅಜ್ಜಿಯರದು. ಸುಳಿವು, ಸಾಕ್ಷಿ, ಬೆರಳಚ್ಚು ಯಾವುದೂ ಅವರಿಗೆ ಬೇಡ. “ಆ ನಗ್ತಾ ನಗ್ತಾ ಮಾತಾಡ್ತಾನಲ್ಲ, ಅವನೇ ಕಣಪ್ಪ” ಎಂದು ಮೊದಲ ರೀಲಿನಲ್ಲೇ ತೀರ್ಪು ಕೊಟ್ಟು ಎಲೆಯಡಿಕೆ ಹಾಕಿಕೊಳ್ಳುತ್ತಾರೆ. ಬಹಳ ಸಲ ಅದು ಸರಿಯಾಗಿರುತ್ತದೆ. ‘ರಿಯರ್ ವಿಂಡೋ’ದಲ್ಲಿ ಕಾಲಿಗೆ ಪಟ್ಟಿ ಹಾಕಿಸಿಕೊಂಡ ಫೋಟೋಗ್ರಾಫರ್ ಕಿಟಕಿಯಿಂದ ಎದುರುಮನೆಗಳನ್ನು ನೋಡುತ್ತ ಕೊಲೆಯೊಂದನ್ನು ಪತ್ತೆಹಚ್ಚುತ್ತಾನೆ. 1954ರಲ್ಲಿ ಬಂದ ಆ ಚಿತ್ರವನ್ನು ಲೋಕ ಕೊಂಡಾಡಿತು. ಜಗಲಿಯ ಮೇಲೆ ಕೂತು ಇಡೀ ಬೀದಿಯನ್ನು ಕಾಯುವ ಅಜ್ಜಿ ಅದೇ ಕೆಲಸವನ್ನು ದುರ್ಬೀನಿಲ್ಲದೆ, ಕಾಲು ಮುರಿದುಕೊಳ್ಳದೆ ಮಾಡುತ್ತಾಳೆ.

ಕನ್ನಡದ ಸಸ್ಪೆನ್ಸ್ ಗಂಭೀರವಾದದ್ದು ಆಮೇಲೆ. ಕಾಶೀನಾಥ್ ಎಂದರೆ ದ್ವಂದ್ವಾರ್ಥದ ನಗೆಚಿತ್ರ ಎಂದುಕೊಂಡವರಿಗೆ ಅವರ ‘ಅಪರಿಚಿತ’ ತೋರಿಸಬೇಕು. 1978ರಲ್ಲಿ ಸುರೇಶ್ ಹೆಬ್ಳೀಕರ್, ಶೋಭಾ ಅವರನ್ನಿಟ್ಟುಕೊಂಡು ಮಾಡಿದ ಆ ಚಿತ್ರ ಮುಂದೆ ‘ಬೇಶಕ್’ ಹೆಸರಿನಲ್ಲಿ ಹಿಂದಿಗೂ ಹೋಯಿತು. ಶಂಕರ್‌ನಾಗ್ 1985ರಲ್ಲಿ ‘ಆಕ್ಸಿಡೆಂಟ್’ ನಿರ್ದೇಶಿಸಿದರು, ಅದರಲ್ಲಿ ಹಾಡಿಲ್ಲ. 1989ರಲ್ಲಿ ಸುನಿಲ್ ಕುಮಾರ್ ದೇಸಾಯಿ ಶಂಕರ್‌ನಾಗ್, ದೇವರಾಜ್, ವನಿತಾ ವಾಸು ಅವರೊಂದಿಗೆ ‘ತರ್ಕ’ ತೆಗೆದರು, ಅದರಲ್ಲೂ ಹಾಡಿಲ್ಲ. 1993ರ ‘ನಿಷ್ಕರ್ಷ’ದಲ್ಲಿ ವಿಷ್ಣುವರ್ಧನ್, ಅನಂತ್‌ನಾಗ್ ಇಬ್ಬರೂ ಇದ್ದರು, ಬ್ಯಾಂಕ್ ದರೋಡೆಯೂ ಇತ್ತು, ಹಾಡು ಮಾತ್ರ ಇರಲಿಲ್ಲ.

ಹಾಡಿಲ್ಲದ ಚಿತ್ರ ಸಣ್ಣ ಊರಿನ ಜೀವನಕ್ರಮದ ಬುಡವನ್ನೇ ಅಲುಗಾಡಿಸುವಂಥದ್ದು. ನಾಯಕ ನಾಯಕಿ ಮರ ಸುತ್ತುವಾಗ ಗಂಡಸರು ಬೀಡಿಗೆ ಎದ್ದು ಹೋಗುತ್ತಿದ್ದರು, ತಾಯಂದಿರು ಮಕ್ಕಳನ್ನು ಹೊರಗೆ ಕರೆದೊಯ್ಯುತ್ತಿದ್ದರು. ಒಂದು ಚಿತ್ರಕ್ಕೆ ಆರು ಹಾಡೆಂದರೆ ಆರು ಬಿಡುವು. ‘ತರ್ಕ’ ನೋಡಲು ಕೂತವರು ಹಾಡು ಈಗ ಬರುತ್ತದೆ, ಆಗ ಬರುತ್ತದೆ ಎಂದು ಬೀಡಿ ಕೈಯಲ್ಲಿ ಹಿಡಿದು ಕಾದರೆ, ದೇಸಾಯಿಯವರ ಕಥಾನಾಯಕಿಯ ಮನೆಯ ಗುಟ್ಟಿಗಿಂತ ಅದೇ ದೊಡ್ಡ ಸಸ್ಪೆನ್ಸ್. ಆದರೂ ಎದ್ದು ಹೋದವನು ವಾಪಸು ಬಂದಾಗ ಕಥೆ ಕೈಬಿಟ್ಟು ಹೋಗಿರುತ್ತಿದ್ದರಿಂದ ಜನ ಕೂತೇ ನೋಡಿದರು. ‘ತರ್ಕ’ ಮರುವರ್ಷವೇ ‘ಪುರಿಯಾದ ಪುದಿರ್’ ಆಗಿ ತಮಿಳಿಗೆ ಹೋಯಿತು, ಕೆ.ಎಸ್. ರವಿಕುಮಾರ್ ನಿರ್ದೇಶಿಸಿದ ಮೊದಲ ಚಿತ್ರ ಅದು. ನೆರೆಯವರಿಂದ ಕಥೆ ತರುವುದೇ ರೂಢಿಯಾಗಿದ್ದ ಕಾಲದಲ್ಲಿ ಕೊಟ್ಟು ಕಳಿಸಿದ್ದನ್ನು ಅಭಿಮಾನಿ ಇವತ್ತಿಗೂ ಎದೆಯುಬ್ಬಿಸಿ ಹೇಳುತ್ತಾನೆ.

ವೈಜ್ಞಾನಿಕ ಚಿತ್ರಗಳ ವಿಷಯದಲ್ಲಿ ಕನ್ನಡದ ಕಣಜ ತುಂಬಿಲ್ಲ. ಇದಕ್ಕೆ ಖರ್ಚು ಒಂದು ಕಾರಣ. ಹೊರಗಿನದೂ ಕನ್ನಡದಲ್ಲಿ ಸಿಗುತ್ತಿರಲಿಲ್ಲ: 1960ರ ದಶಕದಲ್ಲಿ ಅನಕೃ, ರಾಜ್‌ಕುಮಾರ್ ಮೊದಲಾದವರು ನಿಂತ ಡಬ್ಬಿಂಗ್ ವಿರೋಧಿ ಚಳವಳಿಯ ನಂತರ ಪರಭಾಷೆಯ ಚಿತ್ರಗಳು ಕನ್ನಡ ಮಾತಾಡುವುದು ದಶಕಗಳ ಕಾಲ ನಿಂತಿತ್ತು. ಕನ್ನಡ ಚಿತ್ರರಂಗ ಬದುಕಿಕೊಂಡದ್ದು ಹಾಗೆಯೇ ಎಂಬುದನ್ನು ಅಭಿಮಾನಿ ಒಪ್ಪುತ್ತಾನೆ. ಅದರ ಪರಿಣಾಮವಾಗಿ ‘ಜುರಾಸಿಕ್ ಪಾರ್ಕ್’ನ ಡೈನೋಸಾರ್ ಹಾಸನ ಸೀಮೆಯವನನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಅಟ್ಟಿಸಿಕೊಂಡು ಬಂತು. ಡೈನೋಸಾರಿಗೆ ಭಾಷೆ ಬೇಕಿಲ್ಲ, ಬಾಯಿ ತೆರೆದರೆ ಸಾಕು. ಆದರೆ ವಿಜ್ಞಾನಿಗಳು ಮಾತಾಡುವಾಗ ದುಭಾಷಿಯ ಅಗತ್ಯ ಬೀಳುತ್ತಿತ್ತು. ಪಿಯುಸಿ ಸೈನ್ಸ್ ಓದಿದ ಒಬ್ಬ ಪ್ರತಿ ಗುಂಪಿನಲ್ಲೂ ಇರುತ್ತಿದ್ದ. “ಸೊಳ್ಳೆ ಹೊಟ್ಟೇಲಿ ರಕ್ತ ಐತೆ, ರಕ್ತದಲ್ಲಿ ಬೀಜ ಐತೆ, ಬಿತ್ತಿದ್ರೆ ಬೆಳೀತದೆ” ಎಂದು ಅವನು ವಿವರಿಸಿದರೆ ಎಲ್ಲರಿಗೂ ತಿಳಿಯುತ್ತಿತ್ತು. ವಂಶವಾಹಿ ವಿಜ್ಞಾನವನ್ನು ಇದಕ್ಕಿಂತ ಕಡಿಮೆ ಮಾತಿನಲ್ಲಿ ಯಾವ ಪಠ್ಯಪುಸ್ತಕವೂ ಹೇಳಿಲ್ಲ.

ಕಣಜ ತುಂಬಿಸಲು ಅಭಿಮಾನಿ ಹಳೆಯದನ್ನೂ ಎಳೆದು ತರುತ್ತಾನೆ. ಡಬ್ಬಿಂಗ್ ನಿಲ್ಲುವ ಮುನ್ನ ಕನ್ನಡದಲ್ಲೂ ಬಂದ 1957ರ ‘ಮಾಯಾಬಜಾರ್’ನಲ್ಲಿ ಪ್ರಿಯದರ್ಶಿನಿ ಎಂಬ ಪೆಟ್ಟಿಗೆಯಿದೆ, ಮುಚ್ಚಳ ತೆಗೆದರೆ ಪ್ರಿಯವಾದವರು ಕಾಣುತ್ತಾರೆ, ಶಶಿರೇಖೆಗೆ ಅಭಿಮನ್ಯು ಕಾಣುತ್ತಾನೆ. ವಿಡಿಯೋ ಕಾಲ್ ಕಂಡುಹಿಡಿದವರು ನಾವೇ ಎಂಬುದಕ್ಕೆ ಅವನಿಗೆ ಬೇರೆ ದಾಖಲೆ ಬೇಡ. ‘ಹಾಲು ಜೇನು’ ಮಾಡಿದ ಸಿಂಗೀತಂ ಶ್ರೀನಿವಾಸರಾವ್ 1991ರಲ್ಲಿ ತೆಲುಗಿನಲ್ಲಿ ‘ಆದಿತ್ಯ 369’ ತೆಗೆದರಷ್ಟೆ. ಅದರ ಕಾಲಯಂತ್ರ ಕೃಷ್ಣದೇವರಾಯನ ಆಸ್ಥಾನಕ್ಕೆ ಹೋಗಿ ಇಳಿಯುತ್ತದೆ. ಇಳಿದದ್ದು ಹಂಪಿಯಲ್ಲಾದ್ದರಿಂದ ಅದೂ ನಮ್ಮದೇ ಲೆಕ್ಕ. 2002ರಲ್ಲಿ ದಿನೇಶ್ ಬಾಬು ನಿರ್ದೇಶಿಸಿದ ‘ಹಾಲಿವುಡ್’ ಮಾತ್ರ ಅಪ್ಪಟ ಕನ್ನಡದ್ದು. ಉಪೇಂದ್ರ ಮೂರು ಪಾತ್ರದಲ್ಲಿದ್ದರು, ಒಂದು ಪಾತ್ರ ಯಂತ್ರಮಾನವನದು. ತಮಿಳಿನ ‘ಎಂದಿರನ್’ ಬಂದದ್ದು 2010ರಲ್ಲಿ. ಆ ಎಂಟು ವರ್ಷದ ಅಂತರವನ್ನು ಅಭಿಮಾನಿ ಟೀ ಅಂಗಡಿಯಲ್ಲಿ ಅವಕಾಶ ಸಿಕ್ಕಾಗಲೆಲ್ಲ ಪ್ರಸ್ತಾಪಿಸುತ್ತಾನೆ, ಸಿಗದಿದ್ದರೂ ಪ್ರಸ್ತಾಪಿಸುತ್ತಾನೆ.

ವಿಚಿತ್ರವೆಂದರೆ, ಅಂತರಿಕ್ಷದ ಕಥೆಗೆ ಹೀಗೆ ಹಂಬಲಿಸುವವರ ಪಕ್ಕದಲ್ಲೇ ಅಂತರಿಕ್ಷ ಕೆಲಸ ಮಾಡುತ್ತಿತ್ತು. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ, ಜನರ ಬಾಯಲ್ಲಿ ಎಂ.ಸಿ.ಎಫ್., 1982ರಿಂದ ಇದೆ. ಅದರ ಮೊದಲ ವರ್ಷಗಳ ಚರಿತ್ರೆ ಯಾವ ಸಸ್ಪೆನ್ಸ್ ಚಿತ್ರಕ್ಕೂ ಕಡಿಮೆಯಿಲ್ಲ. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ಕೆಲವೇ ತಿಂಗಳಲ್ಲಿ ಇಂಧನ ಬರಿದಾಗಿ ಕೈಬಿಟ್ಟಿತು. 1983ರ ಆಗಸ್ಟ್ ಕೊನೆಯಲ್ಲಿ ಚಾಲೆಂಜರ್ ನೌಕೆ ರಾತ್ರಿ ಹೊತ್ತು ಇನ್ಸಾಟ್-1ಬಿಯನ್ನು ಹೊತ್ತು ಏರಿತು. ಉಪಗ್ರಹ ತನ್ನ ಕಕ್ಷೆಗೆ ಹೋದರೂ ಸೌರ ಫಲಕ ಬಿಚ್ಚಿಕೊಳ್ಳಲಿಲ್ಲ. ಹಾಸನದ ಇಂಜಿನಿಯರುಗಳೂ ಅದನ್ನು ತಯಾರಿಸಿದ ಫೋರ್ಡ್ ಏರೋಸ್ಪೇಸ್ ಕಂಪನಿಯವರೂ ಸೆಪ್ಟೆಂಬರ್ ನಡುವಿನವರೆಗೆ ಹೆಣಗಿ ಅದನ್ನು ಬಿಚ್ಚಿಸಿದರು. ಸುಮಾರು 36,000 ಕಿಲೋಮೀಟರ್ ಮೇಲೆ ಸಿಕ್ಕಿಕೊಂಡ ಬಾಗಿಲನ್ನು ಹಾಸನದಿಂದ ತಳ್ಳುವ ಈ ದೃಶ್ಯವನ್ನು ಯಾರೂ ಸಿನಿಮಾ ಮಾಡಲಿಲ್ಲ. ಅದೇ ಉಪಗ್ರಹದ ಬಲದಿಂದ ದೂರದರ್ಶನ ಊರೂರಿಗೆ ಹಬ್ಬಿತು, ‘ಸ್ಟಾರ್ ಟ್ರೆಕ್’ ಕೂಡ ಮನೆಯೊಳಗೆ ಬಂತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಎಂ.ಸಿ.ಎಫ್. ನೌಕರನಿಗೆ ಪರಗ್ರಹದ ನೌಕೆಗಳ ವಿಚಾರವಾಗಿ ಉಪನ್ಯಾಸ ಕೊಡುವ ಧೈರ್ಯ ಅಭಿಮಾನಿಗೆ ಬಂದದ್ದು ಅಲ್ಲಿಂದ.

ಟೀವಿಯ ಬೆನ್ನಿಗೇ ಬಾಡಿಗೆ ವಿಸಿಪಿ ಬಂತು. ರಾತ್ರಿಯೊಂದಕ್ಕೆ ಮೂರು ಕ್ಯಾಸೆಟ್, ಬೀದಿಯವರೆಲ್ಲರ ಚಂದಾ. ಮೂರನೆಯದು ಸಸ್ಪೆನ್ಸ್ ಚಿತ್ರವಾದರೆ ಕೊಲೆಗಾರ ಸಿಗುವ ಹೊತ್ತಿಗೆ ಹಾಲು ಕರೆಯುವ ಸಮಯ, ಎಚ್ಚರವಿದ್ದವನು ಒಬ್ಬನೇ. ಬೆಳಗ್ಗೆ ಎಲ್ಲರೂ ಅವನ ಬಾಯಿಂದಲೇ ಕಥೆ ಕೇಳಬೇಕಿತ್ತು. ಈಗಿನ ಹುಡುಗರು ಫೋನಿನಲ್ಲಿ ‘ಲೂಸಿಯಾ’, ‘ಯೂ ಟರ್ನ್’, ಕಾಲಯಾನದ ‘ಬ್ಲಿಂಕ್’ ನೋಡುತ್ತಾರೆ. ತಾಳ್ಮೆ ತಪ್ಪಿದರೆ ಬೆರಳಿನಿಂದ ಹತ್ತು ಹತ್ತು ಸೆಕೆಂಡು ಹಾರಿಸುತ್ತ ಕೊಲೆಗಾರನ ಹತ್ತಿರಕ್ಕೆ ಹೋಗಿಬಿಡುತ್ತಾರೆ. ಹಳಬರಿಗೆ ಇದು ಅಕ್ಷಮ್ಯ. 2019ರ ‘ಬೆಲ್ ಬಾಟಂ’ನಲ್ಲಿ ರಿಷಬ್ ಶೆಟ್ಟಿ ಪತ್ತೇದಾರ ದಿವಾಕರನಾಗಿ ಹಳೆಯ ಗತ್ತಿಗೆ ಜೀವ ಕೊಟ್ಟಾಗ ಎರಡೂ ತಲೆಮಾರು ಒಟ್ಟಿಗೆ ನಕ್ಕಿತು.

‘ತರ್ಕ’ವನ್ನು ಇನ್ನೂ ನೋಡಿರದ ಓದುಗರು ಬೇಗ ನೋಡುವುದು ಕ್ಷೇಮ. ಅಷ್ಟರೊಳಗೆ ದುದ್ದದ ಕಡೆ ಹೋಗಬೇಕಾಗಿ ಬಂದರೆ, ಟೀ ಅಂಗಡಿಯಲ್ಲಿ ಆ ಚಿತ್ರದ ಹೆಸರು ಎತ್ತಬೇಡಿ. ಕೊಲೆಗಾರ ಯಾರೆಂದು ಟೀ ಬರುವುದರೊಳಗೆ ಹೇಳಿಬಿಡುತ್ತಾರೆ.